ಬರವಣಿಗೆ ಮತ್ತು ಉಪಶಮನ: ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಅನುಲಕ್ಷಿಸಿ

ಪೀಠಿಕೆ

ಮಾಗಡಿ ತಾಲ್ಲೂಕಿನ ಸಾವನದುರ್ಗವು ಚರಿತ್ರೆಯ ಪುಟಗಳಲ್ಲಿ ಕೋಟೆಯ ಕಾರಣದಿಂದ ಉಲ್ಲೇಖಗೊಳ್ಳುತ್ತದೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳುಳ್ಳ ಈ ಬೃಹತ್ ಶಿಲಾಬೆಟ್ಟ ಮಾಗಡಿ ಕೆಂಪೇಗೌಡರ ವಂಶದ ಆಳ್ವಿಕೆಯೊಂದಿಗೆ ಬೆಸೆದುಕೊಂಡಿದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಇದನ್ನು ಟಿಪ್ಪುವಿನ ಪಡೆಗಳಿಂದ ವಶಪಡಿಸಿಕೊಂಡ ಸಂಗತಿ ಮೈಸೂರು ಯುದ್ಧಗಳ ಇತಿಹಾಸದಲ್ಲಿ ದಾಖಲಾಗಿದೆ. ಆದರೆ ಈ ದಾಖಲೆಗಳಲ್ಲಿ ಬೆಟ್ಟದ ಸುತ್ತಣ ಹೊಲಗಳಲ್ಲಿ ದುಡಿದವರ ಬದುಕಿನ ಸುಳಿವು ಸಿಗುವುದಿಲ್ಲ. ಆ ಬದುಕಿನ ಚಿತ್ರವನ್ನು ಪಡೆಯಬೇಕಾದರೆ ಇದೇ ಬೆಟ್ಟಸಾಲಿನ ಆಸುಪಾಸಿನ, ಅರ್ಕಾವತಿ ನದಿಯ ಸಮೀಪದ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿದ ಕವಿ ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಗೆ ಬರಬೇಕಾಗುತ್ತದೆ.

‘ಊರುಕೇರಿ’ಯನ್ನು ದಲಿತ ಸಂಕಥನದ ಪಠ್ಯವಾಗಿ, ಸಾಮಾಜಿಕ ದಾಖಲೆಯಾಗಿ, ಹಾಸ್ಯದ ವಿಶಿಷ್ಟ ಮಾದರಿಯಾಗಿ ಓದುವ ಕ್ರಮ ಕನ್ನಡ ವಿಮರ್ಶೆಯಲ್ಲಿ ನೆಲೆಗೊಂಡಿದೆ. ಇದೇ ಕಾಲಾವಧಿಯಲ್ಲಿ ಮನೋವಿಜ್ಞಾನದ ಕ್ಷೇತ್ರದಲ್ಲಿ ‘ಬರವಣಿಗೆ ಗಾಯವನ್ನು ಮಾಯಿಸಬಲ್ಲದೆ?’ ಎಂಬ ಪ್ರಶ್ನೆ ಪ್ರಯೋಗಗಳ ಮೂಲಕ ಚರ್ಚೆಗೆ ಒಳಗಾಗಿದೆ. ಈ ಎರಡು ಧಾರೆಗಳನ್ನು ಮುಖಾಮುಖಿಯಾಗಿಸಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅವಮಾನದ ಅನುಭವವನ್ನು ಬರೆಯುವುದರಿಂದ ಬರೆದವರಿಗೆ ದೊರಕುವ ನೆಮ್ಮದಿಯ ಸ್ವರೂಪವೇನು? ಗಾಯವು ಸಮಾಜದಿಂದ ಆದದ್ದಾಗಿರುವಾಗ ವ್ಯಕ್ತಿಯೊಬ್ಬನ ಉಪಶಮನದ ಮಾತು ಎಷ್ಟರಮಟ್ಟಿಗೆ ಸಾಧು? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸಿ, ಕನ್ನಡ ತರಗತಿಗೆ ಅವುಗಳಿಂದ ಒದಗುವ ಸೂಚನೆಗಳನ್ನು ಗುರುತಿಸಲಾಗಿದೆ.

1. ಬರವಣಿಗೆಯ ಕುರಿತ ಮನೋವೈಜ್ಞಾನಿಕ ಪ್ರಯೋಗಗಳು

ಬರವಣಿಗೆ ಮತ್ತು ಆರೋಗ್ಯದ ಸಂಬಂಧವನ್ನು ಕುರಿತ ಆಧುನಿಕ ಸಂಶೋಧನೆ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ವಿದ್ಯಾರ್ಥಿನಿ ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸ್ಪಷ್ಟ ರೂಪ ಪಡೆಯಿತು. 46 ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯುವಂತೆ ಸೂಚಿಸಲಾಯಿತು. ಒಂದು ಗುಂಪಿಗೆ ಸಾಮಾನ್ಯ ವಿಷಯಗಳನ್ನು ಕೊಡಲಾಯಿತು. ಉಳಿದ ಮೂರು ಗುಂಪುಗಳು ಬದುಕಿನ ಅತ್ಯಂತ ನೋವಿನ ಅನುಭವವನ್ನು ಕುರಿತು ಬರೆದವು: ಒಂದು ಗುಂಪು ಘಟನೆಯ ವಿವರಗಳನ್ನು ಮಾತ್ರ, ಇನ್ನೊಂದು ಭಾವನೆಗಳನ್ನು ಮಾತ್ರ, ಮತ್ತೊಂದು ಎರಡನ್ನೂ ಕೂಡಿಸಿ. ಘಟನೆ ಮತ್ತು ಭಾವ ಎರಡನ್ನೂ ಬರೆದ ಗುಂಪಿನವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯಕೇಂದ್ರಕ್ಕೆ ಹೋದ ಸಂದರ್ಭಗಳು ಕಡಿಮೆಯಾಗಿದ್ದವು. ಗಮನಿಸಬೇಕಾದ ಮತ್ತೊಂದು ಅಂಶವೆಂದರೆ, ಬರೆದು ಮುಗಿಸಿದ ಕೂಡಲೇ ಇವರ ಮನಃಸ್ಥಿತಿ ಹಗುರಾಗಿರಲಿಲ್ಲ, ಖಿನ್ನತೆ ಹೆಚ್ಚಿತ್ತು. ಪ್ರಯೋಜನವು ಕಾಲಾಂತರದಲ್ಲಿ ಕಂಡುಬಂದದ್ದು.

ತರುವಾಯದ ಅಧ್ಯಯನಗಳಲ್ಲಿ ಬರಹದ ಭಾಷೆಯನ್ನೇ ವಿಶ್ಲೇಷಿಸಲಾಯಿತು. ಮೊದಲ ದಿನದಿಂದ ಕೊನೆಯ ದಿನಕ್ಕೆ ಸಾಗಿದಂತೆ ಕಾರಣಗಳನ್ನು ಸೂಚಿಸುವ, ಅರಿವನ್ನು ಸೂಚಿಸುವ ಪದಗಳು ಹೆಚ್ಚಾದ ಬರಹಗಳು ಆರೋಗ್ಯದ ಸುಧಾರಣೆಯೊಂದಿಗೆ ಸಂಬಂಧ ಹೊಂದಿದ್ದವು. 2003ರ ಒಂದು ಅಧ್ಯಯನವು ಸರ್ವನಾಮಗಳ ಬಳಕೆಯಲ್ಲಿನ ಬದಲಾವಣೆಗೂ ಆರೋಗ್ಯಕ್ಕೂ ನಂಟನ್ನು ಗುರುತಿಸಿತು. ‘ನಾನು’ ಎಂಬ ಒಂದೇ ನೆಲೆಯಲ್ಲಿ ಸಿಲುಕಿಕೊಳ್ಳದೆ ಅನುಭವವನ್ನು ಬೇರೆ ಬೇರೆ ನೆಲೆಗಳಿಂದ ನೋಡಬಲ್ಲ ಬರಹ ಹೆಚ್ಚು ಫಲಕಾರಿ ಎಂಬುದು ಇದರಿಂದ ಹೊರಡುವ ಸೂಚನೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಸ್ತಮಾ ಮತ್ತು ಕೀಲುಗಳ ಉರಿಯೂತದ ರೋಗಿಗಳಲ್ಲಿಯೂ ಇಂತಹ ಬರವಣಿಗೆಯಿಂದ ಸುಧಾರಣೆ ಕಂಡುಬಂದಿತ್ತು.

ಈ ಫಲಿತಗಳನ್ನು ಉತ್ಪ್ರೇಕ್ಷಿಸುವಂತಿಲ್ಲ. 2006ರಲ್ಲಿ ಜೊಆನ್ ಫ್ರಾಟರೋಲಿ 146 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ ಸರಾಸರಿ ಪರಿಣಾಮ ನಿಜವಾದದ್ದು, ಆದರೆ ಚಿಕ್ಕದು ಎಂಬುದು ಸ್ಪಷ್ಟವಾಯಿತು. ಬರವಣಿಗೆ ಔಷಧಿಗೆ ಪರ್ಯಾಯವಲ್ಲ. ಎಲ್ಲರಿಗೂ ಒಂದೇ ಬಗೆಯಲ್ಲಿ ಒದಗುವುದೂ ಇಲ್ಲ. ಇದರ ಜೊತೆಗೆ ಈ ಪ್ರಯೋಗಗಳ ತಾತ್ತ್ವಿಕ ಮಿತಿಯೊಂದನ್ನು ಗಮನಿಸಬೇಕು. ಇಲ್ಲಿ ಬರೆಯುವವನು ಒಬ್ಬಂಟಿ. ಅವನು ಗೋಪ್ಯವಾಗಿ ಬರೆಯುತ್ತಾನೆ. ಬರಹಕ್ಕೆ ಓದುಗ ಸಮುದಾಯವಿಲ್ಲ, ಸಾಹಿತ್ಯರೂಪದ ಹಂಗಿಲ್ಲ, ಪರಂಪರೆಯ ಆಸರೆಯಿಲ್ಲ.

2. ಕನ್ನಡದ ನೆಲೆಗಳು

ಭಾರತೀಯ ಕಾವ್ಯಮೀಮಾಂಸೆಯು ನೋವು ಮತ್ತು ನುಡಿಯ ಸಂಬಂಧವನ್ನು ಆದಿಕವಿಯ ಪ್ರಸಂಗದಲ್ಲಿಯೇ ಎದುರಿಸಿದೆ. ಕ್ರೌಂಚವಧೆಯ ಶೋಕವು ಶ್ಲೋಕವಾಯಿತೆಂಬ ಮಾತನ್ನು ಆನಂದವರ್ಧನನು ಧ್ವನಿತತ್ತ್ವದ ಸಮರ್ಥನೆಗೆ ಬಳಸಿಕೊಳ್ಳುತ್ತಾನೆ. ಅಭಿನವಗುಪ್ತನು ಇದನ್ನು ವ್ಯಾಖ್ಯಾನಿಸುವಾಗ, ಈ ಶೋಕವನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ಸ್ವಂತ ದುಃಖದಲ್ಲಿ ಮುಳುಗಿದವನಿಂದ ಕಾವ್ಯ ಹೊರಡುವುದಿಲ್ಲ. ಅನುಭವವು ವ್ಯಕ್ತಿಯ ಹಂಗನ್ನು ಕಳಚಿಕೊಂಡು ಸಹೃದಯರೆಲ್ಲರಿಗೂ ಸಲ್ಲುವಂತಾದಾಗ ಅದು ರಸವಾಗುತ್ತದೆ. ಭಟ್ಟನಾಯಕನು ಪ್ರತಿಪಾದಿಸಿದ ಸಾಧಾರಣೀಕರಣದ ತಿರುಳು ಇದೇ. ಮೇಲೆ ಹೇಳಿದ ಸರ್ವನಾಮಗಳ ಅಧ್ಯಯನವು ಮುಟ್ಟಿದ ಬಿಂದುವಿಗೆ ಸಮೀಪವಾದ ವಿಚಾರವನ್ನು ಈ ಮೀಮಾಂಸೆ ಬೇರೆ ದಾರಿಯಿಂದ ಮುಟ್ಟಿದೆ. ಆದರೆ ಉದ್ದೇಶಗಳು ಬೇರೆ ಎಂಬುದನ್ನು ಮರೆಯುವಂತಿಲ್ಲ: ಮೀಮಾಂಸಕರ ಗುರಿ ಸಹೃದಯನ ಆನಂದ, ಮನೋವಿಜ್ಞಾನಿಗಳ ಗುರಿ ಬರೆಯುವವನ ಸ್ವಾಸ್ಥ್ಯ.

ಜನಪದ ಪರಂಪರೆಯಲ್ಲಿ ಹಾಡುವವರ ಸ್ವಾಸ್ಥ್ಯವೇ ಮುಖ್ಯವಾಗಿ ತೋರುತ್ತದೆ. ಬೀಸುವ, ಕುಟ್ಟುವ, ನಾಟಿ ಹಾಕುವ ಹೆಣ್ಣುಮಕ್ಕಳು ತವರಿನ ಹಂಬಲ, ಅತ್ತೆಮನೆಯ ಕಷ್ಟ, ಬಂಜೆತನದ ನಿಂದೆ, ಮಗುವಿನ ಸಾವು ಮುಂತಾದವನ್ನು ತ್ರಿಪದಿಯ ಚೌಕಟ್ಟಿನಲ್ಲಿ ಹಾಡಿಕೊಂಡರು. ನೇರವಾಗಿ ಆಡಿದರೆ ದಂಡನೆಗೆ ಗುರಿಯಾಗಬಹುದಾದ ಮಾತು ಹಾಡಾದಾಗ ಸಹ್ಯವಾಗುತ್ತಿತ್ತು. ಹಾಡಿದವಳು ತನ್ನ ಕಥೆಯನ್ನೇ ಹೇಳುತ್ತಿದ್ದಾಳೆಂದು ಯಾರೂ ಬೊಟ್ಟುಮಾಡುವಂತಿರಲಿಲ್ಲ. ಅದು ಎಲ್ಲ ಗರತಿಯರ ಹಾಡಾಗಿತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಈ ಭಾವಲೋಕ ಮುದ್ರಣಕ್ಕೆ ಬಂತು. ದಕ್ಷಿಣ ಕರ್ನಾಟಕದ ಮಟ್ಟಿಗೆ ಎಚ್.ಎಲ್. ನಾಗೇಗೌಡರ ಪರಿಶ್ರಮದಿಂದ ರಾಮನಗರದ ಬಳಿ ರೂಪುಗೊಂಡ ಜಾನಪದ ಲೋಕವು ಇಂತಹ ಹಾಡುಗಳನ್ನು ಹಾಡಿದವರ ದನಿಯಲ್ಲಿಯೇ ಕಾಪಿಡುವ ಕೆಲಸ ಮಾಡಿದೆ.

ಆಧುನಿಕ ಕಾಲದಲ್ಲಿ ಮನಶ್ಶಾಸ್ತ್ರ ಮತ್ತು ಕನ್ನಡ ಬರವಣಿಗೆಗಳ ನಂಟನ್ನು ಡಾ. ಎಂ. ಶಿವರಾಂ ಅವರಲ್ಲಿ ಕಾಣಬಹುದು. ‘ರಾಶಿ’ ಎಂಬ ಹೆಸರಿನಲ್ಲಿ ಬರೆದ ಅವರು ವೃತ್ತಿಯಿಂದ ವೈದ್ಯರು. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ‘ಮನಮಂಥನ’ ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮನಸ್ಸಿನ ಕಾಯಿಲೆಯನ್ನು ಬಲ್ಲವರೊಬ್ಬರು ನಗೆಯ ಪತ್ರಿಕೆಯನ್ನೂ ನಡೆಸಿದರೆಂಬುದು ಮುಂದಿನ ಚರ್ಚೆಗೆ ಪೂರಕವಾದ ಸಂಗತಿ.

ಈ ಹಿನ್ನೆಲೆಯಲ್ಲಿ ಉಪಶಮನದ ಮೂರು ಹಂತಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯದು ಒಳಗಿನ ಒತ್ತಡವನ್ನು ಹೊರಹಾಕುವುದು. ಎರಡನೆಯದು ಚದುರಿದ ಅನುಭವಗಳಿಗೆ ಹಿಂದುಮುಂದಿನ ಸಂಬಂಧ ಕಲ್ಪಿಸಿ ಕಥನವಾಗಿ ಕಟ್ಟುವುದು. ಮೂರನೆಯದು ಕಟ್ಟಿದ ಕಥನವನ್ನು ಇತರರು ಕೇಳಿ ನಿಜವೆಂದು ಒಪ್ಪುವುದು. ಪ್ರಯೋಗಶಾಲೆಯ ಅಧ್ಯಯನಗಳು ಮೊದಲ ಎರಡನ್ನು ಬಲ್ಲವು. ‘ಊರುಕೇರಿ’ಯ ಮಹತ್ವ ಇರುವುದು ಮೂರನೆಯದರಲ್ಲಿ.

3. ಹಾಡಿನಿಂದ ಕಥನಕ್ಕೆ

ಸಿದ್ಧಲಿಂಗಯ್ಯನವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು 1975ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1973ರ ನವೆಂಬರಿನಲ್ಲಿ, ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದು ಆಡಿದ ಮಾತು ವಿವಾದವಾಗಿ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದಿದ್ದವು. ಈ ಬಿಸಿಯಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮೊದಲಾದವರೊಂದಿಗೆ ಸಿದ್ಧಲಿಂಗಯ್ಯನವರೂ ಅದರಲ್ಲಿ ತೊಡಗಿಕೊಂಡರು. ಈ ಕಾಲದ ಕವಿತೆಗಳು ಏಕಾಂತದ ಓದಿಗಾಗಿ ಹುಟ್ಟಿದವಲ್ಲ. ಮೆರವಣಿಗೆಗಳಲ್ಲಿ, ಸಭೆಗಳಲ್ಲಿ ಸಾವಿರಾರು ಜನ ಅವನ್ನು ಹಾಡಿದರು. ಆಜ್ಞಾರ್ಥಕ ಕ್ರಿಯಾಪದಗಳು, ಕೇರಿಯ ಆಡುನುಡಿ, ಹಾಡಿನ ಲಯ ಇವುಗಳ ಮೂಲಕ ಶತಮಾನಗಳ ಒತ್ತಡ ಹೊರಬಂದಿತು. ಮೇಲಿನ ವಿಂಗಡಣೆಯ ಮೊದಲ ಹಂತವೂ ಮೂರನೆಯ ಹಂತವೂ ಇಲ್ಲಿ ಏಕಕಾಲಕ್ಕೆ ಘಟಿಸಿದವು ಎನ್ನಬೇಕು. ನೋವನ್ನು ಆಡುವುದೂ ಅದನ್ನು ಸಮುದಾಯ ತನ್ನದೆಂದು ಗುರುತಿಸುವುದೂ ಒಂದೇ ಕ್ರಿಯೆಯಾಯಿತು.

ಕವಿತೆಯಲ್ಲಿ ಎಡೆ ಸಿಗದೆ ಉಳಿದದ್ದು ಎರಡನೆಯ ಹಂತ, ಅಂದರೆ ಬಿಡಿ ಅನುಭವಗಳ ಕಥನ. ಮಂಚನಬೆಲೆಯ ಬಾಲ್ಯ, ಬೆಂಗಳೂರಿನ ಶ್ರೀರಾಮಪುರದ ಬದುಕು, ಗೋಪಾಲಪುರದ ವಿದ್ಯಾರ್ಥಿನಿಲಯದ ದಿನಗಳು ಗದ್ಯರೂಪ ತಳೆಯಲು ಸುಮಾರು ಎರಡು ದಶಕಗಳು ಬೇಕಾದವು. ‘ಊರುಕೇರಿ’ಯ ಮೊದಲ ಭಾಗ ಬಂದದ್ದು 1990ರ ದಶಕದ ಉತ್ತರಾರ್ಧದಲ್ಲಿ, ಅನಂತರ ಇನ್ನೆರಡು ಭಾಗಗಳು ಪ್ರಕಟವಾದವು. 2003ರಲ್ಲಿ ಎಸ್.ಆರ್. ರಾಮಕೃಷ್ಣ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಈ ಕಾಲಾಂತರ ಆಕಸ್ಮಿಕವಿರಲಾರದು. ಅಭಿನವಗುಪ್ತನು ಹೇಳುವ ದೂರ, ಅನುಭವಿಸಿದವನು ಅನುಭವದಿಂದ ಪಡೆಯಬೇಕಾದ ಬಿಡುಗಡೆ, ಕಾಲವನ್ನು ಬೇಡುತ್ತದೆ.

ಆ ದೂರ ಕೃತಿಯಲ್ಲಿ ಕೆಲಸ ಮಾಡುವ ಬಗೆಯನ್ನು ಬಾಲ್ಯದ ಒಂದು ಪ್ರಸಂಗದಲ್ಲಿ ನೋಡಬಹುದು. ಹೊಲವೊಂದರಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ನೇಗಿಲು ಎಳೆಯುತ್ತಿದ್ದಾರೆ. ಹುಡುಗ ಅದನ್ನು ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ತಂದೆ. ಪ್ರಸಂಗವು ಕೆಲವೇ ವಾಕ್ಯಗಳಲ್ಲಿ ಮುಗಿಯುತ್ತದೆ. ಉದ್ದನೆಯ ವಿಲಾಪವಿಲ್ಲ, ವ್ಯವಸ್ಥೆಯ ಮೇಲಿನ ಭಾಷಣವಿಲ್ಲ. ನಿರೂಪಕನು ಬಾಲಕನ ಕಣ್ಣನ್ನು ಬಿಟ್ಟುಕೊಡುವುದಿಲ್ಲ. ಬಾಲಕನಿಗೆ ತಿಳಿಯದಿದ್ದುದನ್ನು ಓದುಗನೇ ತುಂಬಿಕೊಳ್ಳಬೇಕಾಗುತ್ತದೆ. ಹೀಗೆ ನೋವಿನ ಒಂದು ಪಾಲನ್ನು ಓದುಗನು ಹೊರುತ್ತಾನೆ. ಘಟನೆ ಮತ್ತು ಭಾವ ಎರಡೂ ಕೂಡಿದ ಬರಹವೇ ಫಲಕಾರಿ ಎಂಬ 1986ರ ಪ್ರಯೋಗದ ತೀರ್ಮಾನಕ್ಕೆ ಇಲ್ಲಿ ಒಂದು ತಿದ್ದುಪಡಿ ದೊರಕುತ್ತದೆ. ಸಾಹಿತ್ಯದಲ್ಲಿ ಭಾವವನ್ನು ಬರೆದವನೇ ಹೆಸರಿಸಬೇಕಾಗಿಲ್ಲ. ಘಟನೆಯನ್ನು ಜೋಡಿಸಿದ ಕ್ರಮದಲ್ಲಿಯೇ ಅದು ಇರಬಲ್ಲದು.

ಮರಾಠಿಯ ದಯಾ ಪವಾರರ ‘ಬಲುತಂ’ ಆತ್ಮಕಥನದಲ್ಲಿ (1978) ಇದೇ ಸಮಸ್ಯೆಗೆ ಬೇರೊಂದು ಪರಿಹಾರವಿದೆ. ಅಲ್ಲಿ ಲೇಖಕನು ತನ್ನನ್ನೇ ಇಬ್ಬರನ್ನಾಗಿಸಿಕೊಂಡು, ಹಳ್ಳಿಯ ದಗಡೂ ಹೇಳುವುದನ್ನು ಓದಿದ ದಯಾ ಪವಾರ ಕೇಳುತ್ತಾನೆ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಬಿಡಿ ಪ್ರಸಂಗಗಳ ವ್ಯಂಗ್ಯ ಮತ್ತು ವಿಷಾದಗಳಿಂದ ಈ ದೂರವನ್ನು ಸಾಧಿಸುತ್ತದೆ. ಸಿದ್ಧಲಿಂಗಯ್ಯನವರು ಆರಿಸಿಕೊಂಡ ಸಾಧನ ನಗೆ.

4. ನಗೆಯ ಪಾತ್ರ

ಹಸಿವು, ಅವಮಾನ, ಭಯಗಳ ನಡುವೆ ‘ಊರುಕೇರಿ’ ಓದುಗರನ್ನು ಮತ್ತೆ ಮತ್ತೆ ನಗಿಸುತ್ತದೆ. ಶಾಂತವಾಗಿ ಓದಲು ಜಾಗವಿಲ್ಲದ ಹುಡುಗ ಸ್ಮಶಾನವನ್ನು ಹುಡುಕಿಕೊಂಡು ಹೋಗಿ ಸಮಾಧಿಗಳ ನಡುವೆ ಕುಳಿತು ಓದಿದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಊರಿನಲ್ಲಿಯೂ ನಗರದಲ್ಲಿಯೂ ಎಡೆಯಿಲ್ಲದವನಿಗೆ ಸತ್ತವರ ನೆಲೆ ಓದುವ ಕೋಣೆಯಾಗುತ್ತದೆ. ಇದನ್ನು ಕರುಣಾಜನಕ ಚಿತ್ರವಾಗಿಸುವುದು ಸುಲಭವಿತ್ತು. ನಿರೂಪಣೆಯು ಅದನ್ನು ವಿನೋದವಾಗಿಸಿದಾಗ ಬಾಲಕನು ಕನಿಕರದ ವಸ್ತುವಾಗುವುದರಿಂದ ಪಾರಾಗುತ್ತಾನೆ. ತನ್ನ ಕಥೆಯ ಒಡೆತನ ಅವನಲ್ಲಿಯೇ ಉಳಿಯುತ್ತದೆ.

ಡಿ.ಆರ್. ನಾಗರಾಜ್ ಅವರು ಈ ಕೃತಿಯನ್ನು ಕುರಿತು ಬರೆಯುತ್ತ, ಬಡವರ ನಗುವಿನಲ್ಲಿ ಅಡಗಿರುವ ಶಕ್ತಿಯನ್ನು ಮುಖ್ಯವಾಗಿ ಎತ್ತಿಹಿಡಿದರು. ದಲಿತ ಬರಹವೆಂದರೆ ಆಕ್ರೋಶ ಅಥವಾ ಗೋಳು ಎಂಬ ನಿರೀಕ್ಷೆಯನ್ನು ‘ಊರುಕೇರಿ’ ಮುರಿಯುತ್ತದೆಂಬುದು ವಿಮರ್ಶೆಯಲ್ಲಿ ಅನಂತರ ಬೆಳೆದ ನಿಲುವು. ಇದಕ್ಕೆ ಎದುರಾಗಿ, ಹೋರಾಟದ ಹಾಡುಗಳ ಕವಿ ನಗೆಗೆ ತಿರುಗಿದ್ದರಿಂದ ಸಿಟ್ಟು ಮೊಂಡಾಯಿತು ಎಂಬ ಆಕ್ಷೇಪವನ್ನೂ ಎತ್ತಬಹುದು. ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನೋವಿಗೆ ಒಗ್ಗಿಕೊಳ್ಳಲು ನೆರವಾಗುವ ನಗೆ ಯಥಾಸ್ಥಿತಿಯನ್ನು ಕಾಯುವುದೂ ಉಂಟು.

ಆದರೆ ನಗೆಯ ಗುರಿ ಯಾರು ಎಂಬುದನ್ನು ಪಠ್ಯದಲ್ಲಿ ಪರಿಶೀಲಿಸಬೇಕು. ಕೇರಿಯವರನ್ನು ನೋಡಿ ಊರು ನಗುವುದು ಒಂದು ಬಗೆ; ಅದು ಅವಮಾನ. ಕೇರಿಯವರು ತಮ್ಮನ್ನೂ ಊರನ್ನೂ ಅಧಿಕಾರವನ್ನೂ ಒಟ್ಟಿಗೆ ನೋಡಿ ನಗುವುದು ಇನ್ನೊಂದು ಬಗೆ. ‘ಊರುಕೇರಿ’ಯ ನಗೆ ಎರಡನೆಯ ಬಗೆಗೆ ಸೇರಿದ್ದು. ಇಲ್ಲಿ ಹೆದರಿಸುವವರ ಗಾಂಭೀರ್ಯ ಕರಗುತ್ತದೆ. ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ನಡೆಸಿದ ಸಿದ್ಧಲಿಂಗಯ್ಯನವರಿಗೆ, ಭಕ್ತರು ದೇವರನ್ನೇ ಬೈದು, ಪ್ರಶ್ನಿಸಿ, ಸಲಿಗೆಯಿಂದ ಮಾತಾಡಿಸುವ ಜನಪದ ಕ್ರಮ ಚೆನ್ನಾಗಿ ಪರಿಚಿತವಾಗಿತ್ತು. ದೇವತೆಯನ್ನೇ ಬೈಯಬಲ್ಲ ನಾಲಗೆಗೆ ಮನುಷ್ಯರ ಅಧಿಕಾರ ದೊಡ್ಡದಲ್ಲ. ಈ ನೆಲೆಯಿಂದ ನೋಡಿದರೆ ನಗೆಯು ಸಿಟ್ಟಿನ ಅಭಾವವಾಗಿರದೆ, ಸಿಟ್ಟಿನಿಂದ ಬರೆದವನೇ ಸುಟ್ಟುಹೋಗದಂತೆ ಕಾಯುವ ಕವಚವಾಗಿ ಕಾಣುತ್ತದೆ.

5. ಗುಣವಾಗಬೇಕಾದುದು ಯಾವುದು?

ಮನಶ್ಚಿಕಿತ್ಸೆಯ ಪರಿಭಾಷೆಯಲ್ಲಿ ‘ಊರುಕೇರಿ’ಯನ್ನು ಓದುವಾಗ ಒಂದು ಅಪಾಯ ಎದುರಾಗುತ್ತದೆ. ಮನೋವಿಜ್ಞಾನದ ಮಾದರಿಯಲ್ಲಿ ಗಾಯವು ವ್ಯಕ್ತಿಯೊಳಗಿದೆ; ಆದುದರಿಂದ ಚಿಕಿತ್ಸೆಯೂ ಅಲ್ಲಿಯೇ ನಡೆಯಬೇಕು. ಅಸ್ಪೃಶ್ಯತೆಯ ಗಾಯ ಹಾಗಲ್ಲ. ನೊಗ ಹೊತ್ತ ತಂದೆಯನ್ನು ಕಂಡ ಹುಡುಗನ ಮನಸ್ಸು ತಿಳಿಯಾದ ಮಾತ್ರಕ್ಕೆ ನೊಗ ಇಳಿಯುವುದಿಲ್ಲ. ಬರೆದು ಹಗುರಾಗಿ ಎಂದು ನೊಂದವರಿಗೆ ಹೇಳುವ ಸಮಾಜವು ನೋಯಿಸಿದವರಿಗೆ ಏನನ್ನೂ ಹೇಳದಿದ್ದರೆ, ಉಪಶಮನದ ಮಾತು ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ಉಪಾಯವಾಗುತ್ತದೆ.

ಹಾಗೆಂದು ವ್ಯಕ್ತಿಯ ನೆಮ್ಮದಿಯ ಪ್ರಶ್ನೆಯನ್ನು ಬದಿಗೆ ಸರಿಸುವುದೂ ಅನ್ಯಾಯವೇ. ಸಾಮಾಜಿಕ ಅನ್ಯಾಯವನ್ನು ವ್ಯಕ್ತಿಯೇ ತನ್ನ ಮೈಮನಗಳಲ್ಲಿ ಅನುಭವಿಸುತ್ತಾನೆ. ನಿದ್ದೆಗೆಡುವುದು, ನಾಚುವುದು, ಮಾತು ತಡವರಿಸುವುದು ಅವನದೇ. ಸಿದ್ಧಲಿಂಗಯ್ಯನವರ ಬರವಣಿಗೆಯ ಕ್ರಮದಲ್ಲಿ ಈ ಎರಡು ಬೇಡಿಕೆಗಳ ನಡುವಣ ದಾರಿಯೊಂದು ಗೋಚರಿಸುತ್ತದೆ. ಮೊದಲು ಸಮುದಾಯದ ಹಾಡು ಬಂತು, ಅನಂತರ ವ್ಯಕ್ತಿಯ ಕಥೆ. ಹಾಡು ಗಾಯದ ಕಾರಣವನ್ನು ಸಾರ್ವಜನಿಕವಾಗಿ ಹೆಸರಿಸಿ ಅದು ವ್ಯಕ್ತಿಯ ದೋಷವಲ್ಲವೆಂದು ಸ್ಥಾಪಿಸಿತು. ನಾಚಿಕೆಯ ಭಾರ ಹೀಗೆ ಸರಿಯಾದ ಹೆಗಲಿಗೆ ವರ್ಗವಾದ ಮೇಲೆ, ಕವಿಗೆ ತನ್ನ ಬಾಲ್ಯವನ್ನು ನಗುತ್ತ ನೆನೆಯುವುದು ಸಾಧ್ಯವಾಯಿತು. ಶಾಸನಸಭೆ, ವಿಶ್ವವಿದ್ಯಾಲಯ, 2015ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಗಳವರೆಗೆ ಸಾಗಿ 2021ರಲ್ಲಿ ಮುಗಿದ ಅವರ ಬದುಕಿನ ಕಥೆಯನ್ನು ಒಬ್ಬ ವ್ಯಕ್ತಿಯ ಗೆಲುವಾಗಿ ಮಾತ್ರ ಓದಿದರೆ ಈ ಕ್ರಮದ ಅರ್ಥ ತಪ್ಪಿಹೋಗುತ್ತದೆ.

6. ತರಗತಿಗೆ ಕೆಲವು ಸೂಚನೆಗಳು

‘ಊರುಕೇರಿ’ಯ ಭಾಗಗಳನ್ನು ಪಾಠ ಮಾಡುವ ತರಗತಿಗಳಲ್ಲಿ, ಸೃಜನಶೀಲ ಬರವಣಿಗೆಯ ಪತ್ರಿಕೆಗಳಲ್ಲಿ ‘ನಿಮ್ಮ ಬದುಕಿನ ನೋವಿನ ಅನುಭವವನ್ನು ಬರೆಯಿರಿ’ ಎಂದು ವಿದ್ಯಾರ್ಥಿಗಳಿಗೆ ಸೂಚಿಸುವ ಸಂದರ್ಭ ಬರಬಹುದು. ಮೇಲಿನ ಚರ್ಚೆಯ ಬೆಳಕಿನಲ್ಲಿ ಈ ಕೆಳಗಿನ ಅಂಶಗಳು ಗಮನಾರ್ಹವಾಗಿವೆ.

ಒಂದು, ಬರೆಯಲು ಅವಕಾಶ ಕೊಡುವುದು ಬೇರೆ, ಬರೆಯಲೇಬೇಕೆಂದು ಒತ್ತಾಯಿಸುವುದು ಬೇರೆ. ವಸ್ತುವಿನ ಆಯ್ಕೆ, ಅದನ್ನು ಇತರರಿಗೆ ಓದಿ ಹೇಳುವ ಅಥವಾ ಹೇಳದಿರುವ ಆಯ್ಕೆ ವಿದ್ಯಾರ್ಥಿಯದಾಗಿರಬೇಕು. ಜಾತಿ ಅವಮಾನದ ಅನುಭವವನ್ನು ತರಗತಿಯೆದುರು ಹೇಳುವಂತೆ ಮಾಡುವುದು ಅವಮಾನದ ಪುನರಾವೃತ್ತಿಯಾಗಬಹುದು.

ಎರಡು, ಅಂತಹ ಬರಹವನ್ನು ಅಂಕಗಳ ಅಳತೆಗೆ ಒಳಪಡಿಸುವಾಗ ಅನುಭವಕ್ಕೂ ಅಭಿವ್ಯಕ್ತಿಗೂ ನಡುವಣ ಗೆರೆಯನ್ನು ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ನೋವಿಗೆ ಅಂಕ ಕೊಡಲು ಬಾರದು.

ಮೂರು, ನೇರ ಆತ್ಮಕಥನವೊಂದೇ ದಾರಿಯಲ್ಲ. ತ್ರಿಪದಿಯಂತಹ ಚೌಕಟ್ಟು, ಬಾಲಕನ ದೃಷ್ಟಿಕೋನ, ಪ್ರಥಮಪುರುಷದ ನಿರೂಪಣೆ, ವಿನೋದ ಇವು ಅನುಭವದಿಂದ ಅಗತ್ಯವಾದ ದೂರವನ್ನು ಒದಗಿಸುತ್ತವೆ. ರೂಪದ ಪಾಠವೇ ಇಲ್ಲಿ ರಕ್ಷಣೆಯ ಪಾಠವೂ ಆಗುತ್ತದೆ.

ನಾಲ್ಕು, ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜವೆಂಬುದನ್ನು ಅಧ್ಯಾಪಕರು ತಿಳಿದಿರಬೇಕು. ಆ ಭಾರ ಇಳಿಯದೆ ಉಳಿದಾಗ, ಅಥವಾ ಬರಹದಲ್ಲಿ ಬದುಕನ್ನು ಕೊನೆಗಾಣಿಸುವ ಸೂಚನೆ ಕಂಡಾಗ, ಸಾಹಿತ್ಯದ ಚರ್ಚೆ ಸಾಲದು. ಆಪ್ತಸಮಾಲೋಚಕರ, ಮನೋವೈದ್ಯರ ನೆರವನ್ನು ತಡಮಾಡದೆ ಒದಗಿಸಬೇಕು.

ಐದು, ಇಂತಹ ಬರಹಗಳಲ್ಲಿ ದೂರು ಅಡಗಿದ್ದರೆ ಅದನ್ನು ದೂರಾಗಿಯೇ ಸ್ವೀಕರಿಸಬೇಕು. ವಿದ್ಯಾರ್ಥಿನಿಲಯದ ಊಟದ ಸಾಲಿನಲ್ಲಾಗಲಿ ತರಗತಿಯ ಬೆಂಚಿನಲ್ಲಾಗಲಿ ನಡೆದ ತಾರತಮ್ಯವನ್ನು ಬರೆದವನಿಗೆ ಶೈಲಿಯ ಮೆಚ್ಚುಗೆಯನ್ನಷ್ಟೇ ಕೊಟ್ಟು ಕಳಿಸುವುದು ಕೇಳಿಸಿಕೊಂಡಂತಲ್ಲ.

ಸಮಾರೋಪ

ಬರವಣಿಗೆಯಿಂದ ನೆಮ್ಮದಿ ದೊರಕುತ್ತದೆಯೆಂಬ ಮಾತಿಗೆ ಮನೋವಿಜ್ಞಾನದ ಆಧಾರವಿದೆ. ಆ ಆಧಾರ ಮಿತವಾದುದೆಂಬುದೂ ಅಷ್ಟೇ ನಿಜ. ಭಾವವನ್ನು ಹೊರಹಾಕುವುದಕ್ಕಿಂತ ಅನುಭವವನ್ನು ದೂರದಿಂದ ನೋಡಿ ಕಟ್ಟುವುದು ಮುಖ್ಯವೆಂಬ ವಿಚಾರದಲ್ಲಿ ಪ್ರಯೋಗಗಳೂ ಕಾವ್ಯಮೀಮಾಂಸೆಯೂ ಹತ್ತಿರ ಬರುತ್ತವೆ. ಬೀಸುವ ಪದಗಳಿಂದ ‘ಊರುಕೇರಿ’ಯವರೆಗಿನ ಕನ್ನಡದ ನಿದರ್ಶನಗಳು ಇದಕ್ಕೆ ಮತ್ತೊಂದು ಅಂಶವನ್ನು ಸೇರಿಸುತ್ತವೆ: ಹೇಳಿದ್ದನ್ನು ಕೇಳುವವರು ಬೇಕು, ಕೇಳಿದ್ದಕ್ಕೆ ಹೊಣೆಯಾಗುವವರೂ ಬೇಕು. ಸಾವನದುರ್ಗದ ಸುತ್ತಲಿನ ಹೊಲವೊಂದರಲ್ಲಿ ನೊಗ ಹೊತ್ತವರ ಚಿತ್ರ ಇಂದು ಕನ್ನಡ ಓದುಗರೆಲ್ಲರ ನೆನಪಿನ ಭಾಗವಾಗಿದೆ. ಅದನ್ನು ಓದಿದವರು ಆ ನೆನಪಿನೊಂದಿಗೆ ಏನು ಮಾಡುತ್ತಾರೆ ಎಂಬುದರಲ್ಲಿಯೇ ಉಪಶಮನದ ಉಳಿದ ಪಾಲು ಅಡಗಿದೆ.